ಜೋಗೇಶ್ವರಿಯ ರಾಜನೂ ಸೇನಾಪತಿಯೂ

ದಾದರು

ನಾನು ಮುಂಬಯಿಗೆ ಹೊರಟಿದ್ದೇನೆ ಎಂದು ತಿಳಿದಾಗ ನಮ್ಮ ಬೀದಿಯ ಪುಟ್ಟಮ್ಮನವರು, “ಅಲ್ಲಿಗೆ ಪಾಸ್‌ಪೋರ್ಟು ಬೇಕೇನ್ರೀ?” ಎಂದು ಕೇಳಿದರು. ನಾನು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳುವವಳು, ಆದ್ದರಿಂದ ನಕ್ಕೆ. ಪುಣೆಯಲ್ಲಿ ಗಾಡಿ ಬದಲಿಸಿ, ದಾದರಿನಲ್ಲಿ ಇಳಿದು, ನನ್ನ ಟ್ರಂಕು ಹೊತ್ತ ಹಮಾಲ ಯಾವ ಭಾಷೆಯಲ್ಲಿ ಬಯ್ಯುತ್ತಿದ್ದಾನೆ ಎಂದು ಕೂಡ ಗೊತ್ತಾಗದೆ ನಿಂತಾಗ, ಪುಟ್ಟಮ್ಮನವರ ಪ್ರಶ್ನೆ ಅಷ್ಟೇನೂ ದಡ್ಡತನದ್ದಲ್ಲ ಎನಿಸಿತು. ಮೈಸೂರಿನವರಿಗೆ ಶ್ರೀರಂಗಪಟ್ಟಣ ದಾಟಿದರೆ ಪರಸ್ಥಳ, ತುಂಗಭದ್ರೆ ದಾಟಿದರೆ ಪರದೇಶ.

ಹೋದದ್ದು ನನ್ನ ತಮ್ಮ ನಾಗರಾಜನ ಮನೆಗೆ. ನಾಗು ಇಂಜಿನಿಯರು. ಅವನ ಹೆಂಡತಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ‘ಪಾಪ, ಹೋಟೆಲೂಟ ಮಾಡಿಕೊಂಡಿದ್ದಾನೆ, ಬೇಸಿಗೆ ರಜದಲ್ಲಿ ನಾಲ್ಕು ದಿನ ಬೇಯಿಸಿ ಹಾಕಿ ಬರುತ್ತೇನೆ’ ಎಂದು ಮನೆಯಲ್ಲಿ ಹೇಳಿದೆ. ನಿಜ ಹೇಳಬೇಕೆಂದರೆ ನನಗೆ ಸಮುದ್ರ ನೋಡಬೇಕಾಗಿತ್ತು.

ಟಿಕೆಟು ತರುತ್ತೇನೆ, ಇಲ್ಲೇ ನಿಂತಿರು ಎಂದು ಹೇಳಿ ನಾಗು ಹೋದ. ಪಕ್ಕದಲ್ಲಿ ಜನ ಸಾಲಾಗಿ ನಿಂತಿದ್ದರು. ಅಷ್ಟು ಮಂದಿ ತಳ್ಳಾಡದೆ, ಮಾತಾಡದೆ ನಿಂತದ್ದನ್ನು ನಾನು ದೇವಸ್ಥಾನದಲ್ಲಿ ಕೂಡ ಕಂಡವಳಲ್ಲ. ಒಳ್ಳೆಯ ಜನ ಎಂದುಕೊಂಡು ನಾನೂ ಸಾಲಿನ ಕೊನೆಗೆ ನಿಂತೆ. ಸಾಲು ಮುಂದೆ ಸರಿಯಿತು, ನನ್ನ ಹಿಂದೆಯೂ ಬೆಳೆಯಿತು. ಕೊನೆಗೆ ಒಂದು ಸಣ್ಣ ಗೂಡಿನ ಕಿಂಡಿಯ ಮುಂದೆ ಬಂದೆ. ಒಳಗಿದ್ದ ಹೆಂಗಸು “ಕಾರ್ಡ್” ಎಂದಳು. ನಾನು ಬಂದಿಳಿದ ರೈಲಿನ ಟಿಕೆಟು ಕೊಟ್ಟೆ. ಅವಳು ಅದನ್ನು ಹಿಂದುಮುಂದು ನೋಡಿ, ನನ್ನನ್ನೂ ಹಿಂದುಮುಂದು ನೋಡಿ ವಾಪಸು ಕೊಟ್ಟಳು. ಅದು ಹಾಲಿನ ಬೂತು. ಮುಂಬಯಿಯಲ್ಲಿ ಹಾಲಿಗಾಗಿ ಜನ ಕಾರ್ಡು ಹಿಡಿದು ಸಾಲು ನಿಲ್ಲುತ್ತಾರೆ. ನಮ್ಮಲ್ಲಿ ಎಮ್ಮೆಯೇ ಬಾಗಿಲಿಗೆ ಬಂದು, ನಾವು ಚೊಂಬು ಹಿಡಿದು ಹೊರಬರುವ ತನಕ ನಿಂತಿರುತ್ತದೆ.

ನಾಗು ನನ್ನನ್ನು ಲೋಕಲಿನ ಹೆಂಗಸರ ಡಬ್ಬಿಗೆ ಹತ್ತಿಸಿ ತಾನು ಪಕ್ಕದ ಡಬ್ಬಿಗೆ ಓಡಿದ. ನನ್ನೆದುರು ಒಬ್ಬಾಕೆ ಮಡಿಲಲ್ಲಿ ಪೇಪರು ಹರಡಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಪಕ್ಕದವಳು ಸೊಪ್ಪು ಸರಿಸಿ ಸರಿಸಿ ಪೇಪರು ಓದುತ್ತಿದ್ದಳು. ಅದರಲ್ಲಿ, ನಮ್ಮ ನೆರೆಯ ದೇಶಕ್ಕೆ ಯಾರೋ ದೊಡ್ಡವರು ಯುದ್ಧವಿಮಾನ ಕೊಡುತ್ತಾರೆಂಬ ಸುದ್ದಿ ಇತ್ತು. ನಾವೂ ತರಬೇಕು ಎಂದಳು ಓದುವವಳು. ಮೊದಲು ನಮ್ಮ ವಠಾರದ ನಲ್ಲಿಗೆ ನೀರು ತರಲಿ, ಆಮೇಲೆ ವಿಮಾನ ಎಂದಳು ಸೊಪ್ಪಿನವಳು. ಇಬ್ಬರೂ ತೀರ್ಪಿಗೆಂದು ನನ್ನ ಮುಖ ನೋಡಿದರು. ನನ್ನ ಶಾಲೆಯ ಹಿಂದಿ ಅರ್ಥ ಮಾಡಿಕೊಳ್ಳುವಷ್ಟಿತ್ತು, ಉತ್ತರ ಹೇಳುವಷ್ಟಿರಲಿಲ್ಲ. ತಲೆಯನ್ನು ಎರಡೂ ಕಡೆಗೆ ಆಡಿಸಿದೆ. ಮೈಸೂರಿನಲ್ಲಿ ಗುರುತಿಲ್ಲದವರು ಎದುರು ಕುಳಿತರೆ ಯಾವ ಬೀದಿ, ಎಷ್ಟು ಮಕ್ಕಳು ಎಂದು ಶುರುಮಾಡುತ್ತೇವೆ. ಇಲ್ಲಿಯವರು ನೇರವಾಗಿ ದೇಶದ ಗಡಿಗೇ ಹೋಗಿಬಿಡುತ್ತಾರೆ.

ಜೋಗೇಶ್ವರಿ

ನಾಗು ಇರುವುದು ಜೋಗೇಶ್ವರಿಯ ಒಂದು ಚಾಳಿನಲ್ಲಿ, ಎಂದರೆ ವಠಾರದಲ್ಲಿ, ಒಂದೂವರೆ ಕೋಣೆಯ ಮನೆ. ಅರ್ಧ ಕೋಣೆಯೆಂದರೆ ಅಡಿಗೆಮನೆ. ನಾನು ಮೈಸೂರಿನಿಂದ ಸಾರಿನಪುಡಿ, ಹಪ್ಪಳ ಕಟ್ಟಿಕೊಂಡು ಹೋದದ್ದು ದಂಡವಾಯಿತು. ಮೊದಲನೆಯ ದಿನವೇ, ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿನ ಮಾಲೀಕರಾದ ಮಂಜಯ್ಯ ಶೆಟ್ಟರು ಬಂದು, “ನೀವು ನಮ್ಮ ರಾಯರ ಅಕ್ಕ ಅಲ್ವಾ ಟೀಚರಮ್ಮ? ಇಲ್ಲಿ ಒಲೆ ಹಚ್ಚಿದ್ರೆ ನಮಗೆ ಅವಮಾನ. ಅತ್ತಿಗೆ ಕಾಯ್ತಾ ಇದ್ದಾರೆ, ಊಟಕ್ಕೆ ಅಲ್ಲಿಗೇ ಬನ್ನಿ” ಎಂದು ಕರೆದುಕೊಂಡು ಹೋದರು.

ಈ ಶೆಟ್ಟರೂ ನನ್ನ ತಮ್ಮನೂ ಕಾರ್ಖಾನೆಯೊಂದರಲ್ಲಿ ಪಾಲುದಾರರು. ಕಾರ್ಖಾನೆಯೆಂದರೆ ರೈಲುಹಳಿಯ ಆಚೆ ಒಂದು ತಗಡಿನ ಷೆಡ್ಡು, ಎರಡು ಲೇತು, ಕಬ್ಬಿಣ ಕರಗಿಸುವ ಒಂದು ಭಟ್ಟಿ. ಅಲ್ಲಿ ಬಾವಿಯಿಂದ ನೀರೆತ್ತುವ ಪಂಪುಗಳನ್ನು ಎರಕ ಹೊಯ್ಯುತ್ತಾರೆ. ನಾಗುವಿಗೆ ಕೆಲಸ ಗೊತ್ತು, ಶೆಟ್ಟರಿಗೆ ಜನ ಗೊತ್ತು. ಷೆಡ್ಡಿನ ಜಾಗ ಶೆಟ್ಟರ ಅತ್ತಿಗೆ ಕಮಲಕ್ಕನ ಹೆಸರಿನಲ್ಲಿದೆ. ಶೆಟ್ಟರ ಅಣ್ಣ ಹಿಂದಿನ ಮಹಾಯುದ್ಧದಲ್ಲಿ ಬರ್ಮಾದಲ್ಲಿ ತೀರಿಕೊಂಡರು. ಮಿಲಿಟ್ರಿ ಲಾರಿ ಓಡಿಸುತ್ತಿದ್ದರಂತೆ. ಅಂದಿನಿಂದ ಕಮಲಕ್ಕ ಮೈದುನನ ಮನೆಯಲ್ಲೇ ಇದ್ದಾರೆ. ಊಟಕ್ಕೆ ಬಡಿಸುತ್ತಾ ಅವರೇ ನನಗೆ ಹೇಳಿದರು.

“ಎದೆಗೆ ಗುಂಡು ತಾಗಿದ್ದು ಅವರಿಗೆ. ಓಡ್ಲಿಲ್ಲ. ಎದುರು ನಿಂತೇ ಬಿದ್ದದ್ದು.”

ಹೇಳುವಾಗ ಬೆನ್ನು ನೆಟ್ಟಗಾಯಿತು. ಕೋಸಂಬರಿ ಬಡಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ಎಂಥ ಗಟ್ಟಿ ಹೆಂಗಸು ಎಂದುಕೊಂಡೆ.

ಆ ಊಟದಲ್ಲಿಯೇ ನನಗೆ ಇನ್ನೊಂದು ವಿಚಿತ್ರ ಕಂಡಿತು. ಎಲೆ ಎಲೆಗೆ ತಾಗಿಸಿ ಕುಳಿತ ಈ ಇಬ್ಬರು ಪಾಲುದಾರರು ಒಬ್ಬರಿಗೊಬ್ಬರು ಮಾತಾಡುವುದಿಲ್ಲ.

“ಟೀಚರಮ್ಮ, ನಿಮ್ಮ ತಮ್ಮನಿಗೆ ಸಾರು ಬೇಕಾ ಕೇಳಿ” ಎಂದರು ಶೆಟ್ಟರು.

“ಅಕ್ಕ, ಬೇಕಾದ್ರೆ ನಾನೇ ಹಾಕ್ಕೋತೀನಿ ಅಂತ ಹೇಳು” ಎಂದ ನಾಗು.

ಸಾರಿನ ಪಾತ್ರೆ ಇಬ್ಬರ ನಡುವೆಯೇ ಇತ್ತು. ನನಗೆ ನಗು ಬಂತು. ಹೊರಗೆ ಬಂದ ಮೇಲೆ ನಾಗು ವಿಷಯ ಹೇಳಿದಾಗ ಆ ನಗು ಹಾರಿಹೋಯಿತು. ಕಾರ್ಖಾನೆಗೆ ಮಿಲಿಟ್ರಿಯವರ ಒಂದು ಆರ್ಡರು ಬಂದಿದೆ. ಕೈಬಾಂಬಿನ ಹೊರಗಿನ ಕವಚ ಎರಕ ಹೊಯ್ದು ಕೊಡಬೇಕು. ಶೆಟ್ಟರು ಒಪ್ಪಿಕೊಳ್ಳೋಣ ಎನ್ನುತ್ತಾರೆ. ನಾಗು ತನ್ನ ಭಟ್ಟಿಯಲ್ಲಿ ಬಾಂಬು ಕರಗಿಸುವುದಿಲ್ಲ ಎನ್ನುತ್ತಾನೆ. ಮಾತಿಗೆ ಮಾತು ಬೆಳೆದು, ಪಾಲು ಒಡೆದುಕೊಳ್ಳುವುದೆಂದು ತೀರ್ಮಾನವಾಗಿದೆ. ಬರುವ ಸೋಮವಾರ ಮುಂಬಯಿಯ ಕೋಟೆ ಬಡಾವಣೆಯಲ್ಲಿರುವ ವಕೀಲರ ಹತ್ತಿರ ರುಜು ಹಾಕುವುದು. ನಾನು ಊರಿಗೆ ಹೊರಡುವುದೂ ಅದೇ ದಿನ.

“ಒಡೆದ ಮೇಲೆ ನೀನೇನು ಮಾಡ್ತೀಯೋ?” ಎಂದೆ.

“ಯಾರಾದ್ರೂ ಕೆಲಸ ಕೊಡ್ತಾರೆ” ಎಂದ. ಆ ಷೆಡ್ಡಿನ ಪ್ರತಿಯೊಂದು ತಗಡನ್ನೂ ಮುಟ್ಟಿ ನನಗೆ ತೋರಿಸಿದವನು, ಮೈಸೂರಿನಲ್ಲಿ ಸಿಕ್ಕ ಸರ್ಕಾರಿ ನೌಕರಿ ಬಿಟ್ಟು ಇದಕ್ಕಾಗಿ ಬಂದವನು.

ಪವಾಯಿ

ಜಗಳವಾಡಿದವರನ್ನು ಒಟ್ಟಿಗೆ ವನಭೋಜನಕ್ಕೆ ಕರೆದೊಯ್ದರೆ ಸರಿಹೋಗುತ್ತಾರೆ ಎಂದು ನಾನು ನಂಬಿದ್ದೆ. ನಮ್ಮ ಶಾಲೆಯ ಹುಡುಗಿಯರಲ್ಲಿ ಹಾಗೇ ಆಗುತ್ತದೆ. ಕಮಲಕ್ಕನೂ ಒಪ್ಪಿದರು. ಶನಿವಾರ ಬೆಳಿಗ್ಗೆ ಟ್ಯಾಕ್ಸಿ ಮಾಡಿ, ಬುತ್ತಿ ಕಟ್ಟಿ ಪವಾಯಿ ಕೆರೆಗೆ ಹೋದೆವು. ಮುಂಬಯಿಯ ಬೆನ್ನಿಗೇ ಇಂಥದೊಂದು ಕಾಡು, ಇಷ್ಟು ದೊಡ್ಡ ನೀರು ಇರುತ್ತದೆಂದು ನಾನು ಎಣಿಸಿರಲಿಲ್ಲ. ಒಳ್ಳೆಯ ಗಾಳಿ. ಕಮಲಕ್ಕ ಮೀನಿಗೆ ಅವಲಕ್ಕಿ ಹಾಕುತ್ತೇನೆಂದು ದಂಡೆಯುದ್ದಕ್ಕೂ ದೂರ ಹೋದರು. ಅವರು ಅತ್ತ ಹೋದದ್ದೇ ತಡ, ಇವರಿಬ್ಬರೂ ನನ್ನ ಮೂಲಕ ಶುರುಮಾಡಿದರು.

“ನಿಮ್ಮ ತಮ್ಮ ಹೇಳ್ತಾರೆ, ದೇಶಕ್ಕೆ ಮಿಲಿಟ್ರಿ ಬೇಡ ಅಂತ.”

“ಅಕ್ಕ, ನಾನು ಹಾಗೆ ಹೇಳಿಲ್ಲ. ಮನೆಗೆ ಅಗಳಿ ಬೇಕು. ಆದ್ರೆ ಇರೋ ಬರೋದನ್ನೆಲ್ಲ ಅಗಳಿಗೇ ಸುರಿದ್ರೆ, ಒಳಗೆ ಕಾಯೋದಕ್ಕೆ ಏನಿರುತ್ತೆ? ಈ ದೇಶದಲ್ಲಿ ನೀರೆತ್ತೋಕೆ ಪಂಪಿಲ್ಲದ ಬಾವಿ ಎಷ್ಟಿವೆ ಅಂತ ಕೇಳು. ಬಾಂಬು ಮಾಡೋಕೆ ಕಲಿತ ಭಟ್ಟಿ ಪಂಪು ಮರೆತುಬಿಡುತ್ತೆ. ನಮ್ಮ ದೇಶ ಎಲ್ಲರ ಜೊತೆ ಸ್ನೇಹ ಅಂತ ಜಗತ್ತಿಗೇ ಹೇಳ್ತಾ ಇದೆ. ಆ ಮಾತಿಗೂ ಒಂದು ಬೆಲೆ ಇದೆ. ಉತ್ತರಕ್ಕೆ ಬೆಟ್ಟ ಇದೆ, ಮೂರು ಕಡೆ ಸಮುದ್ರ ಇದೆ. ಯಾರ ಮೇಲೆ ಎಸೀತಾರೆ ಇವರು?”

“ಬೆಟ್ಟಕ್ಕೂ ದಾರಿ ಉಂಟು ರಾಯರೆ” ಎಂದರು ಶೆಟ್ಟರು, ಮರೆತು ನೇರವಾಗಿ ಅವನಿಗೇ. “ನನ್ನ ಅಣ್ಣ ಅಂಥ ಬೆಟ್ಟದಲ್ಲೇ ನಡೆದದ್ದು.”

ಆಮೇಲೆ ಕಮಲಕ್ಕ ಹೋದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ನನಗೆ ಹೇಳಿದರು. ಅವರ ಅಣ್ಣನ ಎದೆಗೆ ಯಾವ ಗುಂಡೂ ತಾಗಿರಲಿಲ್ಲ. ಬರ್ಮಾದಿಂದ ಎಲ್ಲರೂ ಹಿಂದಕ್ಕೆ ಬರುವಾಗ ಲಾರಿಗಳನ್ನು ಕಾಡಿನಲ್ಲೇ ಬಿಡಬೇಕಾಯಿತು. ಮಳೆಯಲ್ಲಿ ಬೆಟ್ಟ ಹತ್ತಿ ನಡೆದರು. ಕೊಟ್ಟಿದ್ದ ಬೂಟಿನ ಅಟ್ಟೆ ಕಿತ್ತು ಬಂತು. ಬರಿಗಾಲಲ್ಲಿ ನಡೆದು, ಪಾದ ಕೊಳೆತು, ದಾರಿ ಬದಿಯಲ್ಲಿ ಕುಳಿತವರು ಮತ್ತೆ ಏಳಲಿಲ್ಲ. ಜೊತೆಯಲ್ಲಿದ್ದವನೊಬ್ಬ ಬದುಕಿ ಬಂದು ಶೆಟ್ಟರಿಗೆ ಹೇಳಿದ್ದ.

“ಕೆಟ್ಟ ಬೂಟು ಕೊಂದದ್ದು ಅವನನ್ನು. ಎಂತದೋ ಒಂದು ಮಾಡಿ ಕೊಟ್ಟದ್ದು ಯಾರೋ. ನಾವು ಇಲ್ಲಿ ಕೂತು ಯುದ್ಧ ಬೇಡ ಅಂದ್ರೆ ಯುದ್ಧ ನಿಲ್ತದಾ? ಸರ್ಕಾರ ಮಕ್ಕಳನ್ನು ಕಳಿಸಿಯೇ ಕಳಿಸ್ತದೆ. ಅವರ ಕೈಗೆ ಗಟ್ಟಿ ಸಾಮಾನು ಕೊಡುವವ ಬೇಕಲ್ವಾ? ನಿಮ್ಮ ತಮ್ಮ ಹೊಯ್ದ ಎರಕ ಒಡೆಯುದಿಲ್ಲ. ಅದಕ್ಕೇ ಹೇಳುದು ನಾನು.” ಮತ್ತೆ ದಂಡೆಯ ಕಡೆ ನೋಡಿ, “ಅತ್ತಿಗೆಗೆ ಇದು ಗೊತ್ತಿಲ್ಲ. ಹೇಳ್ಬೇಡಿ. ರಾಯರಿಗೆ ಗೊತ್ತುಂಟು, ಈಗ ನಿಮಗೆ. ಅಷ್ಟೇ” ಎಂದರು.

ನನಗೊಂದು ರೋಗವಿದೆ. ಯಾರು ಮಾತಾಡುತ್ತಾರೋ ಅವರ ಮಾತೇ ಸರಿ ಎನಿಸುತ್ತದೆ. ನಾಗು ಹೇಳುವಾಗ ಅವನ ಕಡೆ ಇದ್ದೆ, ಶೆಟ್ಟರು ಹೇಳುವಾಗ ಅವರ ಕಡೆ ಆದೆ. ತರಗತಿಯಲ್ಲಿ ಯಾವ ರಾಜ ಕೋಟೆ ಕಟ್ಟಿದ, ಯಾವ ರಾಜ ಕೆರೆ ಕಟ್ಟಿದ ಎಂದು ಪಟಪಟನೆ ಹೇಳಿಸುತ್ತೇನೆ. ಯಾವುದು ಸರಿ ಎಂದು ಯಾವ ಹುಡುಗಿಯೂ ಈವರೆಗೆ ಕೇಳಿಲ್ಲ, ನನ್ನ ಪುಣ್ಯ. ಕಮಲಕ್ಕ ಖಾಲಿ ಚೀಲ ಕೊಡವುತ್ತಾ ವಾಪಸು ಬಂದರು. ಎಲ್ಲರೂ ಮೊಸರನ್ನದ ಬಗ್ಗೆ ಮಾತಾಡಿದೆವು.

ಭಾನುವಾರ, ಷೆಡ್ಡಿನಲ್ಲಿ

ಕರಾವಳಿಯವರ ತಾಳಮದ್ದಳೆಯ ಹೆಸರು ಕೇಳಿದ್ದೆ, ನೋಡಿರಲಿಲ್ಲ. ಇವರ ಬಳಗ ಆಗಾಗ ಭಾನುವಾರ ಮಧ್ಯಾಹ್ನ ಅದೇ ಷೆಡ್ಡಿನಲ್ಲಿ ಅದನ್ನು ಇಟ್ಟುಕೊಳ್ಳುತ್ತದೆ. ಲೇತುಗಳಿಗೆ ಗೋಣಿ ಹೊದಿಸಿ, ಚಾಪೆ ಹಾಸಿದ್ದರು. ನಾನು ಒಳ್ಳೆಯ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕುಳಿತು, ಪರದೆ ಯಾವಾಗ ಏಳುತ್ತದೆ ಎಂದು ಪಕ್ಕದ ಕಮಲಕ್ಕನನ್ನು ಕೇಳಿದೆ. ಪರದೆ ಇಲ್ಲ ಎಂದರು. ವೇಷ ಎಲ್ಲಿ ಹಾಕಿಕೊಳ್ಳುತ್ತಾರೆ ಎಂದೆ. ವೇಷವೂ ಇಲ್ಲ. ಕುಣಿತವೂ ಇಲ್ಲ. ಹಾಡುವವರು ಭಾಗವತರು. ಅವರು ಒಂದು ಪದ್ಯ ಹಾಡುತ್ತಾರೆ. ಪಾತ್ರಧಾರಿಗಳು ಪಂಚೆ ಷರಟಿನಲ್ಲೇ ಎದುರುಬದುರು ಕುಳಿತು ಆ ಪದ್ಯವನ್ನು ತಮ್ಮ ಮಾತಿನಲ್ಲಿ ಬೆಳೆಸುತ್ತಾರೆ. ಮಾತು ಆ ಗಳಿಗೆಗೆ ಹುಟ್ಟಿದ್ದು. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡಬೇಕು. ಬೇಕೆಂದು ಸೋಲುವಂತಿಲ್ಲ. ಹಾಗೆ ಸೋತರೆ ಕೇಳುವವರಿಗೆ ಅವಮಾನವಂತೆ.

ಶೆಟ್ಟರ ಹೋಟೆಲಿನ ಅಡಿಗೆಯ ಕೃಷ್ಣಭಟ್ಟರೇ ಭಾಗವತರು. ಸಾಮಾನ್ಯವಾಗಿ ಪುರಾಣದ ಕಥೆ ಆಡುತ್ತಾರೆ. ಭಟ್ಟರಿಗೆ ಪೇಪರು ಓದುವ ಚಟ, ಹಾಗಾಗಿ ಅಂದಿನದು ಅವರೇ ಕಟ್ಟಿದ ಹೊಸ ಪ್ರಸಂಗ. ಒಬ್ಬ ರಾಜ, ಹೆಸರು ಸತ್ಯಕೇತು, ಎಂದೂ ಸುಳ್ಳು ಹೇಳದವನು. ಅವನ ತಮ್ಮ ಉಗ್ರಬಾಹು, ಸೇನಾಪತಿ. ಗಡಿಯಲ್ಲಿ ಶತ್ರು ಬಂದಿದ್ದಾನೆ. ರಾಜನಿಗೆ ಸಂಧಾನ ಬೇಕು, ತಮ್ಮನಿಗೆ ಯುದ್ಧದ ಸಿದ್ಧತೆ ಬೇಕು. ಇದು ಯಾರ ಕಥೆ ಎಂದು ನನ್ನೊಬ್ಬಳನ್ನು ಬಿಟ್ಟು ಚಾಪೆಯ ಮೇಲಿದ್ದ ಎಲ್ಲರಿಗೂ ಗೊತ್ತಿತ್ತು. ರಾಜ ನಾಗು, ಸೇನಾಪತಿ ಶೆಟ್ಟರು ಎಂದು ಯಾರೂ ಹೇಳಬೇಕಾಗಿರಲಿಲ್ಲ. ನಾಗು ಈ ಜನರ ಜೊತೆ ಇದ್ದೂ ಇದ್ದೂ ಅರ್ಥ ಹೇಳುವುದನ್ನು, ಎಂದರೆ ಹೀಗೆ ಪಾತ್ರವಾಗಿ ಮಾತಾಡುವುದನ್ನು, ಕಲಿತಿದ್ದಾನೆ. ನಾಳೆ ಒಡೆಯುವ ಮುನ್ನ ಇವತ್ತೊಂದು ಸಲ ಮರ್ಯಾದೆಯಿಂದ ಎದುರು ಕುಳಿತು ಮಾತಾಡಲಿ ಎಂದು ಭಟ್ಟರು ಮಾಡಿದ ಉಪಾಯ ಅದು.

ಕೆಡಿಸಿದವಳು ನಾನು. ಭಟ್ಟರು ವೀಳ್ಯದ ತಟ್ಟೆ ತಂದು ನನ್ನ ಮುಂದೆ ಹಿಡಿದು, “ದೂರದಿಂದ ಬಂದವರು, ಟೀಚರಮ್ಮ, ಪಾತ್ರದ ವೀಳ್ಯ ನಿಮ್ಮ ಕೈಯಿಂದಲೇ ಆಗಲಿ” ಎಂದರು. ಅದು ಮರ್ಯಾದೆಯ ಮಾತು. ತಟ್ಟೆ ಮುಟ್ಟಿ ನಮಸ್ಕರಿಸಿ ‘ನೀವೇ ಕೊಡಿ’ ಎನ್ನಬೇಕಾಗಿತ್ತು. ನನಗೇನು ಗೊತ್ತು? ಶಾಲೆಯ ವಾರ್ಷಿಕೋತ್ಸವದಲ್ಲಿ ಪಾತ್ರ ಹಂಚುವುದು ನನ್ನದೇ ಕೆಲಸ. ತಟ್ಟೆ ತೆಗೆದುಕೊಂಡು ಎದ್ದು ನಿಂತೆ. ಶೆಟ್ಟರನ್ನು ನೋಡಿದೆ. ದುಂಡಗಿನ ಮೈ, ಬಿಳಿ ಪಂಚೆ, ಹಣೆಯಲ್ಲಿ ಗಂಧ. ರಾಜನೆಂದರೆ ಇವರೇ. ನಾಗು ಚಿಕ್ಕಂದಿನಲ್ಲಿ ಮಹಾ ಸಿಡುಕ, ಒಬ್ಬಟ್ಟಿಗಾಗಿ ಅಡಿಗೆಮನೆಯ ಬಾಗಿಲು ಒದ್ದವನು. ಉಗ್ರಬಾಹು ಅವನೇ. ಶೆಟ್ಟರ ಕೈಗೆ ರಾಜನ ವೀಳ್ಯವನ್ನೂ ತಮ್ಮನ ಕೈಗೆ ಸೇನಾಪತಿಯ ವೀಳ್ಯವನ್ನೂ ಇಟ್ಟು ಬಂದು ಕುಳಿತೆ.

ಕಮಲಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾಗು ನನ್ನನ್ನು ದುರುಗುಟ್ಟಿ ನೋಡಿದ.

“ಬದಲಾಯಿಸುವ ಮಾರಾಯ್ರೆ” ಎಂದರು ಶೆಟ್ಟರು.

“ವೀಳ್ಯ ಕೈಗೆ ಬಂದ ಮೇಲೆ ಪಾತ್ರ ಬಿಡುವ ಕ್ರಮ ಇಲ್ಲ” ಎಂದರು ಭಟ್ಟರು, ನಗು ತಡೆದುಕೊಂಡು. ತಾಳ ತಟ್ಟಿ ಹಾಡು ಶುರುಮಾಡಿಯೇ ಬಿಟ್ಟರು.

ಮೊದಮೊದಲು ಇಬ್ಬರೂ ತಡವರಿಸಿದರು. ಶೆಟ್ಟರ ಬಾಯಲ್ಲಿ ಶಾಂತಿ, ನನ್ನ ತಮ್ಮನ ಬಾಯಲ್ಲಿ ಕತ್ತಿ. ಜನ ಮುಸಿಮುಸಿ ನಕ್ಕರು. ಆದರೆ ಇಬ್ಬರೂ ಹಟಮಾರಿಗಳು, ಸೋಲುವವರಲ್ಲ. ತನ್ನ ಮಾತಿಗೆ ಇಷ್ಟು ದಿನ ಎದುರಾಳಿ ಏನೇನು ಹೇಳಿದ್ದನೋ ಅದೆಲ್ಲ ಇಬ್ಬರಿಗೂ ಬಾಯಿಪಾಠವಾಗಿತ್ತು. ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿಕೊಂಡು, ಅವರಿಗಿಂತ ಚೆನ್ನಾಗಿ ಹೇಳತೊಡಗಿದರು. ರಾಜ ಹೇಳಿದ, ಕೆರೆ ತೋಡುವ ಕೈಗೆ ಕತ್ತಿ ಕೊಟ್ಟರೆ ಗೆದ್ದ ರಾಜ್ಯದಲ್ಲಿ ಕುಡಿಯಲು ನೀರಿರುವುದಿಲ್ಲ. ಜನ ಹೌದೌದು ಎಂದರು. ಸೇನಾಪತಿಗೆ ಬಿಸಿ ಏರಿತು.

“ಅಗ್ರಜಾ!” ಎಂದ ನಾಗು. ಅವನ ದನಿ ಹಾಗಿರುತ್ತದೆಂದು ನನಗೇ ಗೊತ್ತಿರಲಿಲ್ಲ. “ಯುದ್ಧ ಬೇಡವೆಂದು ನೀನು ಕಣ್ಣು ಮುಚ್ಚಿ ಕುಳಿತುಕೊಳ್ಳಬಹುದು. ಬೇಡದ ಯುದ್ಧ ಬಂದ ದಿನ ಸಾಯುವವನು ನೀನಲ್ಲ. ಹಿಂದಿನ ಸಮರದಲ್ಲಿ ರಥವನ್ನು ಕಾಡಿನಲ್ಲಿ ಬಿಟ್ಟು ನಡೆದು ಬಂದ ಆ ಸಾರಥಿಯನ್ನು ನೆನೆದುಕೋ. ಅವನ ಕಾಲಿಗೆ ನೀನು ಕೊಟ್ಟ ಪಾದರಕ್ಷೆ ಬೆಟ್ಟದ ಮಳೆಗೆ ಕಿತ್ತು ಹೋಯಿತು. ಬರಿಗಾಲಲ್ಲಿ ನಡೆದು, ಪಾದ ಕೊಳೆತು, ಹಾದಿಯ ಬದಿಯಲ್ಲಿ ಕುಳಿತಲ್ಲೇ ಸತ್ತ. ಅವನ ಮಡದಿಗೆ ನೀವೆಲ್ಲ ಏನು ಹೇಳಿದಿರಿ? ಎದೆಗೆ ಬಾಣ ತಾಗಿತು, ಎದುರು ನಿಂತು ಬಿದ್ದ ಎಂದು...”

ಅಲ್ಲಿಗೆ ಅವನಿಗೆ ಎಚ್ಚರವಾಯಿತು. ಮುಖ ಬಿಳಿಚಿಕೊಂಡಿತು. ಜನರಿಗೆ ಇದು ಪ್ರಸಂಗದ ಮಾತೇ. ನನ್ನ ಪಕ್ಕದಲ್ಲಿ ಕುಳಿತ ಕಮಲಕ್ಕ ಸೆರಗನ್ನು ಬಾಯಿಂದ ತೆಗೆದರು. ಅವರು ನಾಗುವನ್ನು ನೋಡಲಿಲ್ಲ. ಮೈದುನನನ್ನು ನೋಡಿದರು. ನಾನು ಅವರ ಕೈ ಹಿಡಿದುಕೊಂಡೆ. ಮಂಜಿನಂತೆ ತಣ್ಣಗಿತ್ತು. ಪಾತ್ರ ಹಂಚಿದ ನನ್ನ ಕೈಯನ್ನು ಕತ್ತರಿಸಿ ಹಾಕಬೇಕು ಎನಿಸಿತು.

ಭಟ್ಟರು ಏನನ್ನೋ ಗ್ರಹಿಸಿದರು. ಮದ್ದಳೆಯವರಿಗೆ ಮೆಲ್ಲಗೆ ನುಡಿಸಲು ಸನ್ನೆ ಮಾಡಿದರು. ಉತ್ತರ ಕೊಡಬೇಕಾದವರು ಶೆಟ್ಟರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಎದ್ದು ಹೋಗಲಿಲ್ಲ. ರಾಜನ ದನಿಯಲ್ಲೇ ಮಾತಾಡಿದರು.

“ತಮ್ಮಾ ಉಗ್ರಬಾಹು, ಆ ಸಾರಥಿಯನ್ನು ನಾನು ಬಲ್ಲೆ. ನೀನು ಹೇಳಿದ್ದೆಲ್ಲ ದಿಟ. ಸುಳ್ಳಾಡದವನೆಂದು ಹೆಸರು ಪಡೆದ ನಾನು ಜೀವಮಾನದಲ್ಲಿ ಆಡಿದ ಸುಳ್ಳು ಅದೊಂದೇ. ಆ ತಾಯಿಯ ಬಾಗಿಲಲ್ಲಿ ನಿಂತಾಗ ನನ್ನ ಕೈಯಲ್ಲಿ ಕೊಡಲು ಬೇರೇನೂ ಇರಲಿಲ್ಲ. ಯುದ್ಧ ಮುಗಿದ ಮೇಲೆ ಅರಸನ ಹತ್ತಿರ ಉಳಿಯುವುದು ಅಷ್ಟೇ, ಒಂದು ಒಳ್ಳೆಯ ಸುಳ್ಳು. ಅದಕ್ಕಾಗಿಯೇ ಸಂಧಾನ ಬೇಡುತ್ತಿದ್ದೇನೆ. ಇನ್ನೊಂದು ಮನೆಯ ಬಾಗಿಲಿಗೆ ಹೋಗಿ ಅದನ್ನೇ ಮತ್ತೆ ಹೇಳುವ ಧೈರ್ಯ ನನಗಿಲ್ಲ. ತಾಯೀ, ಕ್ಷಮಿಸು.”

ಪ್ರಸಂಗದಲ್ಲಿ ಆ ತಾಯಿಯ ಪಾತ್ರವೇ ಇಲ್ಲ. ಭಟ್ಟರು ಮಂಗಳ ಹಾಡಿ ಮುಗಿಸಿಬಿಟ್ಟರು. ಇಂಥ ಅರ್ಥ ಈಚೆಗೆ ಕೇಳಿರಲಿಲ್ಲ ಎಂದು ಜನ ಹೊಗಳಿಕೊಂಡು ಎದ್ದರು. ಕಮಲಕ್ಕ ಕಾಫಿಗೆ ನಿಲ್ಲದೆ ಮನೆಗೆ ನಡೆದರು.

ಕೋಟೆ

ಸೋಮವಾರ ಬೆಳಿಗ್ಗೆ ಕಮಲಕ್ಕ ರೇಷ್ಮೆ ಸೀರೆ ಉಟ್ಟು ಸ್ಟೇಷನ್ನಿನಲ್ಲಿ ನಿಂತಿದ್ದರು. ಜಾಗದ ಒಡತಿಯಾದ್ದರಿಂದ ಅವರ ರುಜುವೂ ಬೇಕು. ನಾನು ನನ್ನ ಟ್ರಂಕಿನ ಸಮೇತ ಹೊರಟೆ, ಅಲ್ಲಿಂದ ಹಾಗೇ ರೈಲು ಹತ್ತುವುದಕ್ಕೆ. ಚರ್ಚ್‌ಗೇಟಿನಲ್ಲಿ ಇಳಿದು ವಕೀಲರ ಕಚೇರಿಯ ಮೆಟ್ಟಿಲು ಹತ್ತುವಾಗ ಕಿಟಕಿಯಲ್ಲಿ ಒಂದು ತುಂಡು ಸಮುದ್ರ ಕಂಡಿತು. ಅದನ್ನು ನೋಡಲೆಂದೇ ಮೈಸೂರಿನಿಂದ ಬಂದವಳು, ಅಂದು ಅದರ ಕಡೆ ಎರಡು ಸಲ ತಿರುಗಲಿಲ್ಲ.

ವಕೀಲರು ಧಾರವಾಡದ ಕಡೆಯವರು. ಕಾಗದಗಳನ್ನು ಸಿದ್ಧವಾಗಿಟ್ಟಿದ್ದರು.

“ಬರ್ರಿ, ಕೂಡ್ರಿ. ಶೆಟ್ರು ಆರ್ಡರ್ ತಗೋಬೇಕಂತಾರ, ರಾಯರು ಬ್ಯಾಡಂತಾರ, ಅದಕ್ಕ ಪಾಲು ಬ್ಯಾರೆ ಮಾಡೋದು. ಹೌದಲ್ರಿ?”

“ಅದು ಬೇಡ ಅಂತ ನಂಗೆ ಈಗ ಕಾಣ್ತದೆ” ಎಂದರು ಶೆಟ್ಟರು ನೆಲ ನೋಡುತ್ತಾ. “ಬಾಂಬು ನಾವು ಮಾಡುದು ಬೇಡ. ಪಂಪೇ ಸಾಕು.”

“ಬೇಡ ಅಂದ್ರೆ ಹ್ಯಾಗೆ ಶೆಟ್ರೆ?” ಎಂದ ನಾಗು. “ನಾನು ರಾತ್ರಿಯೆಲ್ಲ ಯೋಚನೆ ಮಾಡಿದೆ. ನಾವು ಮಾಡದಿದ್ರೆ ಯಾರೋ ಅರೆಬರೆ ಮಾಡಿ ಕೊಡ್ತಾರೆ. ಹುಡುಗರ ಕೈಯಲ್ಲೇ ಸಿಡೀತದೆ. ತಗೊಳ್ಳೋಣ.”

“ಬೇಡ ಹೇಳಿದೆ ಅಲ್ವಾ ರಾಯರೆ?”

“ನೀವೇ ಹೇಳಿದ್ದಲ್ವಾ, ನನ್ನ ಎರಕ ಒಡೆಯಲ್ಲ ಅಂತ?”

“ಅದು ಶನಿವಾರ ಹೇಳಿದ್ದು.”

ಇಬ್ಬರ ದನಿಯೂ ಏರಿತು. ನನ್ನ ಮೂಲಕ ಅಲ್ಲ, ನೇರವಾಗಿ, ಮುಖ ಮುಖ ನೋಡಿಕೊಂಡು. ವಕೀಲರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಏನ್ರಿ ಇದು, ಹೋದ ವಾರ ಉಲ್ಟಾ ಇತ್ತಲ್ರಿ? ಇರ್ಲಿ, ಜಗಳಂತೂ ಅದ. ರುಜು ಮಾಡ್ರಿ. ಅಕ್ಕಾರ, ಮೊದಲ ನೀವು.”

ಕಮಲಕ್ಕ ಪೆನ್ನು ಮುಟ್ಟಲಿಲ್ಲ. ಭಾನುವಾರದಿಂದ ಮೊದಲ ಸಲ ಬಾಯಿ ಬಿಟ್ಟರು. ಮಾತು ಮೈದುನನಿಗೆ.

“ನೀವು ನಂಗೆ ಹದಿಮೂರು ವರ್ಷ ಒಂದು ಕಥೆ ಹೇಳಿದ್ರಿ. ನಾನು ಬೇಸರ ಮಾಡುದಿಲ್ಲ. ಪ್ರೀತಿಯಿಂದ ಹೇಳಿದ್ದು, ಗೊತ್ತುಂಟು. ಆದ್ರೆ ಆ ಕಥೆಯಲ್ಲಿ ಅವರು ಇರ್ಲಿಲ್ಲ. ಗುಂಡಿಗೆ ಎದೆ ಕೊಡುವ ಜನ ಅಲ್ಲ ಅವರು. ಮಳೆಗಾಲದಲ್ಲಿ ಗದ್ದೆ ಬದುವಿನಲ್ಲಿ ಜಾರಿದ್ರೆ ಕೂತ್ಕೊಂಡು ತನ್ನ ಕಾಲು ತಾನೇ ನೋಡಿ ನಗಾಡುವ ಜನ. ನಿನ್ನೆ ಈ ರಾಯರು ಹೇಳುವಾಗ ನಂಗೆ ಅವರ ಕಾಲು ಕಂಡಿತು. ಇಷ್ಟು ವರ್ಷದ ಮೇಲೆ ನನ್ನ ಗಂಡನನ್ನು ನಂಗೆ ತಂದುಕೊಟ್ಟ ಮನುಷ್ಯ ಇವರು. ಇವರನ್ನು ಬಿಟ್ಟುಬಿಡುದಾ ನೀವು?”

ಮುಂದಿದ್ದ ಕಾಗದಗಳನ್ನು ವಕೀಲರ ಕಡೆಗೆ ಸರಿಸಿದರು.

“ಬಾಂಬು ಮಾಡುದಾ, ಪಂಪು ಮಾಡುದಾ, ನಂಗೆ ಗೊತ್ತಾಗುದಿಲ್ಲ. ಅದಕ್ಕೆ ನೀವು ಜಗಳ ಮಾಡಿ. ಎಷ್ಟು ವರ್ಷ ಬೇಕಾದ್ರೂ ಮಾಡಿ. ನನ್ನ ಜಾಗದಲ್ಲಿ ಕೂತು ಮಾಡಿ. ರುಜು ಹಾಕುದಿಲ್ಲ ನಾನು.”

ಶೆಟ್ಟರು ವಕೀಲರ ಎದುರಿಗೇ ಅತ್ತರು. ದೊಡ್ಡ ಮೈಯವರು ಅತ್ತರೆ ಕುರ್ಚಿಯೂ ಅಲ್ಲಾಡುತ್ತದೆ. ನಾನು ಅಳುಬುರುಕಿ, ಕೇಳಬೇಕೇ. ವಕೀಲರು ಕಾಗದಗಳನ್ನು ದಾರದಿಂದ ಕಟ್ಟಿ ಕಪಾಟಿನ ಮೇಲಿಟ್ಟು, “ಚಹಾ ತರಸ್ತೇನ್ರಿ” ಎಂದರು.

ಬೋರಿಬಂದರ

ನನ್ನನ್ನು ಬೀಳ್ಕೊಡಲು ಮೂವರೂ ಸ್ಟೇಷನ್ನಿಗೆ ಬಂದರು. ಟ್ಯಾಕ್ಸಿಯಲ್ಲೇ ಕಮಲಕ್ಕ ನಾಗುವನ್ನು ಕೇಳಿದರು. “ನಿಮಗೆ ಗೊತ್ತಿದ್ದದ್ದು ಇನ್ನೂ ಉಂಟಾ? ಇದ್ರೆ ಎಲ್ಲ ಹೇಳಿ. ಚಿಕ್ಕದು ಅಂತ ಬಿಡ್ಬೇಡಿ.”

ನಾಗು ಶೆಟ್ಟರನ್ನು ನೋಡಿದ. ಶೆಟ್ಟರು ಹೂಂ ಎಂದರು. ಪ್ಲಾಟ್‌ಫಾರಂ ತಲುಪುವ ಹೊತ್ತಿಗೆ ಅವರ ಮಾತು ಲಾರಿ ಬಿಟ್ಟ ಜಾಗದ ತನಕ ಬಂದಿತ್ತು. ನನ್ನ ಟ್ರಂಕನ್ನು ಹಮಾಲನೇ ಒಳಗಿಟ್ಟ, ನಾನೇ ಕಿಟಕಿಯ ಪಕ್ಕ ಜಾಗ ಹಿಡಿದುಕೊಂಡೆ. ಹೊರಗೆ ಪ್ಲಾಟ್‌ಫಾರಂನ ಬೆಂಚಿನಲ್ಲಿ ಕಮಲಕ್ಕ ನಡುವೆ, ಇಬ್ಬರೂ ಆಚೀಚೆ. ಒಬ್ಬರು ಹೇಳಿದರೆ ಇನ್ನೊಬ್ಬರು ತಿದ್ದುತ್ತಿದ್ದರು. ಬೆಟ್ಟ ಹತ್ತುವಾಗ ಯಾರು ಜೊತೆಗಿದ್ದರು, ಕೊನೆಯಲ್ಲಿ ನೀರು ಯಾರು ಕೊಟ್ಟರು. ಒಂದು ಕಡೆ ಕಮಲಕ್ಕ ನಕ್ಕದ್ದನ್ನೂ ಕಂಡೆ, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕದ್ದು.

ಗಾಡಿ ಸೀಟಿ ಹಾಕಿತು. ಅಷ್ಟು ದೂರದಿಂದ ಬಂದ ಅಕ್ಕ ಹೊರಟರೂ ಅಲ್ಲಿ ಯಾರೊಬ್ಬರೂ ತಲೆ ಎತ್ತಲಿಲ್ಲ. ನಾನು ಕೂಗಬೇಕೆಂದು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಗಾಡಿ ಸರಿಯುವಾಗ ಶೆಟ್ಟರ ಕೈ ನನ್ನ ತಮ್ಮನ ಹೆಗಲ ಮೇಲಿತ್ತು. ಇನ್ನೂ ಹೇಳುತ್ತಲೇ ಇದ್ದರು.